ಹನ್ನೊಂದು ಸೀಸೆ ಒಂದಾದದ್ದು

ಒಂದೇ ಥರದ ವಸ್ತು ಎರಡು ಜಾಗದಲ್ಲಿದ್ದರೆ ನನಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಇದು ಗುಣವೋ ರೋಗವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಾನು ಗುಣ ಎನ್ನುತ್ತೇನೆ, ಮನೆಯ ಉಳಿದಿಬ್ಬರು ಡಬ್ಬಿಗಳನ್ನು ನನ್ನ ಕೈಗೆ ಸಿಗದಂತೆ ಎತ್ತಿಡುತ್ತಾರೆ. ರೈಲ್ವೆಯ ಸ್ಟೋರ್ಸ್ ಡಿಪೋದಲ್ಲಿ ಇಪ್ಪತ್ತೆಂಟು ವರ್ಷದಿಂದ ನಟ್ಟು, ಬೋಲ್ಟು, ವಾಷರುಗಳ ನಡುವೆ ಬದುಕುತ್ತಿರುವವನು ನಾನು. ಅಲ್ಲಿನ ಧರ್ಮ ಒಂದೇ. ಒಂದು ವಸ್ತುವಿಗೆ ಒಂದು ನಂಬರು, ಒಂದು ನಂಬರಿಗೆ ಒಂದು ಗೂಡು. ನೌಕರಿಗೆ ಸೇರಿದ ಹೊಸತರಲ್ಲಿ, ಒಂದೇ ಅಳತೆಯ ವಾಷರು ಎರಡು ಹೆಸರಿನಲ್ಲಿ ಎರಡು ಗೂಡಿನಲ್ಲಿ ವರ್ಷಗಟ್ಟಲೆ ಕೂತಿದ್ದನ್ನು ಕಂಡುಹಿಡಿದು, ಎರಡನ್ನೂ ಕೂಡಿಸಿ ಒಂದು ಮಾಡಿದೆ. ಆಗಿನ ನಮ್ಮ ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನಾನು ಕೆಟ್ಟದ್ದು ಆವತ್ತೇ ಇರಬೇಕು. ಆಮೇಲೆ ಮನೆಯಲ್ಲೂ ಅದೇ ಶುರುವಾಯಿತು. ಅರ್ಧರ್ಧ ತುಂಬಿದ ಎರಡು ಡಬ್ಬಿ ಕಂಡರೆ ಕೈ ತುರಿಸುತ್ತದೆ. ಒಮ್ಮೆ ಸಣ್ಣ ರವೆ, ದಪ್ಪ ರವೆ ಎರಡನ್ನೂ ಒಂದೇ ಡಬ್ಬಿಗೆ ಸುರಿದು, ಮೇಲೆ 'ರವೆ' ಎಂದು ಮುದ್ದಾಗಿ ಬರೆದಿಟ್ಟಿದ್ದೆ. ನನ್ನ ಹೆಂಡತಿ ಸುಮಿತ್ರಾ ಹದಿನೈದು ದಿನ ಉಪ್ಪಿಟ್ಟೂ ಅಲ್ಲದ, ಶಿರಾವೂ ಅಲ್ಲದ ಒಂದು ಪದಾರ್ಥವನ್ನು ನನಗೆ ಮಾತ್ರ ಬಡಿಸಿದಳು.

ನಾವು ಧಾರವಾಡದ ಕಡೆಯವರು. ನೌಕರಿಯ ಋಣ ಮೊದಲು ಅಹಮದಾಬಾದಿನ ಮಣಿನಗರಕ್ಕೆ ತಂದಿತು, ಏಳು ವರ್ಷದ ಹಿಂದೆ ವಡೋದರಾಕ್ಕೆ ಎಸೆಯಿತು. ಈಗ ಅಲ್ಲಿನ ಗೋರ್ವಾ ಬಡಾವಣೆಯಲ್ಲಿ ಒಂದು ವಸತಿ ಸೊಸೈಟಿಯ ನೆಲಮಹಡಿಯ ಮನೆ. ಪಕ್ಕದ ಮನೆಯ ಹಸ್ಮುಖಭಾಯಿ ದೇವರಂಥ ಮನುಷ್ಯ, ಆದರೆ ಒಂದು ದೋಷವಿದೆ. ವಿಂಧ್ಯದ ಆಚೆ ಹುಟ್ಟಿದವರೆಲ್ಲ ಅವರಿಗೆ ಮದ್ರಾಸಿಗಳು. ಬಂದ ನೆಂಟರಿಗೆಲ್ಲ "ಆ ಅಮಾರಾ ಮದ್ರಾಸಿ ಭಾಯಿ", ಇವರು ನಮ್ಮ ಮದ್ರಾಸಿ ಅಣ್ಣ, ಎಂದೇ ನನ್ನನ್ನು ಪರಿಚಯಿಸುತ್ತಾರೆ. ನಾನು ಕರ್ನಾಟಕದವನು ಎಂದೆ, ಧಾರವಾಡ ಎಂದೆ, ನಮ್ಮಲ್ಲಿ ಜೋಳದ ರೊಟ್ಟಿ ಎಂದೆ, ನಕ್ಷೆ ಬಿಡಿಸಿ ತೋರಿಸಿದೆ. ಎಲ್ಲವನ್ನೂ ಪ್ರೀತಿಯಿಂದ ಕೇಳಿ, ಕೊನೆಗೆ "ಹಾ ಹಾ, ಎ ಬಧು ಏಕ್‌ಜ್ ನೇ" ಎಂದರು. ಅದೆಲ್ಲ ಒಂದೇ ಅಲ್ಲವೇ ಎಂದು ಅರ್ಥ. ಈ ಮಾತು ಕೇಳಿದಾಗಲೆಲ್ಲ ನನ್ನ ಪಿತ್ತ ನೆತ್ತಿಗೇರುತ್ತದೆ. ಮನುಷ್ಯರನ್ನು ಹೀಗೆ ಒಂದೇ ಗೂಡಿಗೆ ತುಂಬುವುದು ಎಷ್ಟು ದೊಡ್ಡ ಅಜ್ಞಾನ ಎಂದು ಸುಮಿತ್ರಾಳ ಮುಂದೆ ಎಷ್ಟೋ ಸಂಜೆ ಭಾಷಣ ಮಾಡಿದ್ದೇನೆ. ಓದುಗರು ಇದನ್ನು ನೆನಪಿನಲ್ಲಿಡಬೇಕು, ಮುಂದೆ ನನ್ನನ್ನು ಬೈಯಲು ಬೇಕಾಗುತ್ತದೆ.

ನೆಲಮಹಡಿಯ ಮನೆಗೆ ಮಳೆಗಾಲದಲ್ಲಿ ಕರೆಯದ ಅತಿಥಿಗಳು ಬರುತ್ತಾರೆ. ಊರಲ್ಲಿ ಚಿಕ್ಕವರಿದ್ದಾಗ ನಾವು ರೈಲು ಹುಳ ಎನ್ನುತ್ತಿದ್ದೆವಲ್ಲ, ಪುಸ್ತಕದಲ್ಲಿ ಸಹಸ್ರಪದಿ, ಅವು. ದುಂಡಗೆ ಬಳೆಯಂತೆ ಸುತ್ತಿಕೊಳ್ಳುವ ಕರಿಯ ಹುಳವಲ್ಲ. ಇವು ಚಪ್ಪಟೆ, ಕಂದು ಬಣ್ಣ, ಒಂದು ಅಂಗುಲ ಉದ್ದ. ಬಚ್ಚಲಿನ ಜಾಲರಿಯಿಂದ ಮೇಲೆ ಬಂದು ಗೋಡೆಯ ಬುಡ ಹಿಡಿದು ಸಾಲಾಗಿ ಹೋಗುತ್ತವೆ. ಹಸ್ಮುಖಭಾಯಿ ನೋಡಿ "ಕಾನ್‌ಖಜೂರೊ" ಎಂದು ತೀರ್ಪು ಕೊಟ್ಟರು. ಅದು ಕಚ್ಚುವ ಶತಪದಿಯ ಹೆಸರು, ಪೂರಾ ಬೇರೆಯ ಕುಲ. ನಾನು ಏಳು ವರ್ಷದಿಂದ ದಿನಾ ಬೆಳಿಗ್ಗೆ ಹಿಡಿಕಸಬರಿಗೆಯಿಂದ ಗುಡಿಸಿ ಹೊರಗೆ ಚೆಲ್ಲುತ್ತಿದ್ದೆ. ಹಾಗೆ ಗುಡಿಸಿದಾಗಲೆಲ್ಲ ಬಚ್ಚಲಲ್ಲಿ ನವಿರಾಗಿ ಬಾದಾಮಿಯ ವಾಸನೆ ಬರುತ್ತಿತ್ತು. ಮೊದಮೊದಲು ನಾನು ನೇರ ಅಡಿಗೆಮನೆಗೆ ಹೋಗಿ ಇವತ್ತೇನು ವಿಶೇಷ ಎಂದು ಪಾತ್ರೆಗಳ ಮುಚ್ಚಳ ತೆಗೆದು ನೋಡಿದ್ದೂ ಉಂಟು.

ಆ ವಾಸನೆಯ ಗುಟ್ಟು ಬಿಡಿಸಿದವಳು ನಮ್ಮ ಮಗಳು ಅನಘಾ. ಗುಜರಾತಿನಲ್ಲೇ ಹುಟ್ಟಿ ಬೆಳೆದವಳು, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳ ಕನ್ನಡ ನಮ್ಮ ಜೊತೆ ಮಾತಾಡುವಾಗ ಮೂರು ಭಾಷೆಗಳ ಮೇಲೆ ಕಾಲಿಟ್ಟು ದಾಟಿ ಬರುತ್ತದೆ. "ಪಪ್ಪಾ, ಅದು ಬಾದಾಮ್ ಅಲ್ಲ, ಸಯನೈಡ್. ಅದಕ್ಕ ಡರ್ ಲಗ್ತಾ ಹೈ ಅಂದ್ರ ಬಿಡ್ತದ" ಎಂದಳು. ಅಂದರೆ, ಹೆದರಿದಾಗ ಅದರ ಮೈಯ ರಂಧ್ರಗಳಿಂದ ಚೂರು ವಿಷದ ಆವಿ ಹೊರಡುತ್ತದಂತೆ. ಇರುವೆಗೆ ಸಾಕು, ನಮಗೆ ಏನೂ ಆಗದು. ನಾನು ಏಳು ವರ್ಷ ವಿಷದ ವಾಸನೆ ಹಿಡಿದು ಹಲ್ವಾ ಹುಡುಕಿದ್ದೆ ಎಂದಾಯಿತು. ಅವಳು ತನ್ನ ಕೊನೆಯ ವರ್ಷದ ಪ್ರಬಂಧಕ್ಕೆ ಇದೇ ಚಪ್ಪಟೆ ಬೆನ್ನಿನ ಹುಳಗಳನ್ನು ಆರಿಸಿಕೊಂಡಿದ್ದಳು. ಅಹಮದಾಬಾದ್, ವಡೋದರಾ, ಸೂರತ್ತಿನ ಊರೊಳಗೆ ಯಾವ ಯಾವ ಬಗೆ ಎಲ್ಲೆಲ್ಲಿ ಇವೆ ಎಂದು ಪಟ್ಟಿ ಮಾಡುವುದು. ಅಪ್ಪ ವಾಷರು ಎಣಿಸಿದ, ಮಗಳು ಹುಳ ಎಣಿಸುತ್ತಾಳೆ, ಒಟ್ಟಿನಲ್ಲಿ ವಂಶದ ಕಸುಬು ಬಿಡಲಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಹೆಮ್ಮೆ ಜಾಸ್ತಿಯಾಗಿ ಒಂದು ದಿನ ಸಹಸ್ರಪದಿಯ ಕಾಲುಗಳ ಸ್ಟಾಕ್ ತಪಾಸಣೆಗೆ ಕೂತೆ. ಹೆಸರೆಂಬ ರಿಜಿಸ್ಟರಿನಲ್ಲಿ ಸಾವಿರ ಎಂದಿದೆ, ಎಣಿಸಿದರೆ ಅರವತ್ತೆರಡು. ಒಂಬೈನೂರ ಮೂವತ್ತೆಂಟರ ಕೊರತೆ. ಇನ್ನೊಂದನ್ನು ಎಣಿಸಿದೆ, ಅದರಲ್ಲಿ ಅರವತ್ತೇ. ನಾನು ತಪ್ಪು ಎಣಿಸಿದೆನೆಂದು ಮತ್ತೆ ಎಣಿಸಿದೆ. ಅನಘಾ ನಕ್ಕಳು. "ಅದು ಗಂಡು, ಪಪ್ಪಾ. ಒಂದು ಜೋಡಿ ಕಮ್ತಿ ಇರ್ತದ." ಆ ಕಮ್ಮಿಯಾದ ಜೋಡಿ ಎಲ್ಲಿ ಹೋಯಿತು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಡಿಪೋದಲ್ಲಿ ಅಷ್ಟು ಸಣ್ಣ ಕೊರತೆಗೆ ನಾವು ಪ್ರಶ್ನೆ ಎತ್ತುವುದಿಲ್ಲ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಗಣೇಶನ ಹಬ್ಬದ ಕಾರ್ಯಕ್ರಮ ನಿಶ್ಚಯಿಸಲು ವಡೋದರಾದ ಕನ್ನಡಿಗರು ಹತ್ತು ಹನ್ನೆರಡು ಜನ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೆ ಬರುವವರಿದ್ದರು. ಸುಮಿತ್ರಾ ಅಡಿಗೆಮನೆಯಲ್ಲಿ, ಅನಘಾ ಬಾಳೆಲೆ ತರಲು ಪೇಟೆಯಲ್ಲಿ. ಹಾಲ್ ಒಪ್ಪ ಮಾಡುವ ಕೆಲಸ ನನ್ನದು. ಪುಸ್ತಕದ ಕಪಾಟಿನಲ್ಲಿ ನೋಡುತ್ತೇನೆ, ಬೆರಳುದ್ದದ ಗಾಜಿನ ಸೀಸೆಗಳು ಹನ್ನೊಂದು ಸಾಲಾಗಿ ನಿಂತಿವೆ. ಪ್ರತಿಯೊಂದರಲ್ಲೂ ಸ್ಪಿರಿಟ್ಟು, ಸ್ಪಿರಿಟ್ಟಿನಲ್ಲಿ ಎರಡೋ ಮೂರೋ ಹುಳ. ಗುಜರಾತಿನಲ್ಲಿ ಮದ್ಯ ನಿಷೇಧವಿರುವುದು ಎಲ್ಲರಿಗೂ ಗೊತ್ತು. ಅನಘಾ ತನ್ನ ವಿಭಾಗದಿಂದ ಒಪ್ಪಿಗೆ ಚೀಟಿ ತಂದಿದ್ದಳು, ತಪ್ಪೇನಿರಲಿಲ್ಲ. ಆದರೂ ಬಂದವರ ಕಣ್ಣಿಗೆ, ರೈಲ್ವೆಯವನ ಮನೆ, ಗಾಜಿನ ಕಪಾಟು, ಹನ್ನೊಂದು ಸೀಸೆ. ಮದ್ಯವೆಂದೇ ತಿಳಿದಾರು. ಜೊತೆಗೆ ಇನ್ನೊಂದು ಕಂಡಿತು. ಹನ್ನೊಂದು ಸೀಸೆಯಲ್ಲೂ ಇದ್ದದ್ದು ಒಂದೇ ಹುಳ. ಅದೇ ಚಪ್ಪಟೆ, ಅದೇ ಕಂದು, ಅದೇ ಒಂದು ಅಂಗುಲ. ಒಂದೇ ಮಾಲು ಹನ್ನೊಂದು ಗೂಡಿನಲ್ಲಿ. ನನ್ನ ಕೈ ನನ್ನ ಮಾತು ಕೇಳಲಿಲ್ಲ.

ಖಾಲಿಯಾಗಿದ್ದ ಕಾಫಿಪುಡಿಯ ಬಾಟಲಿ ತೊಳೆದು ಒರೆಸಿ, ಇಪ್ಪತ್ತಾರು ಹುಳಗಳನ್ನೂ ಅದಕ್ಕೆ ಇಳಿಸಿದೆ. ಬೇಕಾದಷ್ಟು ಸ್ಪಿರಿಟ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಮೋರಿಗೆ ಚೆಲ್ಲಿದೆ. ಪ್ರತಿ ಸೀಸೆಯೊಳಗೂ ಯಾವುದೋ ಕಾಗದದ ಚೂರು ಬಿದ್ದು ನೆನೆದಿತ್ತು. ಮಗಳ ಅಜಾಗರೂಕತೆಗೆ ಮರುಗಿ, ಇಕ್ಕಳದಿಂದ ಒಂದೊಂದನ್ನೇ ತೆಗೆದು ಹಸಿ ಕಸಕ್ಕೆ ಹಾಕಿದೆ. ಕಸದ ಗಾಡಿ ಹಾಡು ಹಾಡುತ್ತ ಅದೇ ಹೊತ್ತಿಗೆ ಬಂತು, ನಾನೇ ಓಡಿಹೋಗಿ ಡಬ್ಬಿ ಸುರಿದು ಬಂದೆ. ಇಷ್ಟು ಚುರುಕಾಗಿ ನಾನು ಹಬ್ಬದ ದಿನವೂ ಕೆಲಸ ಮಾಡಿದ್ದಿಲ್ಲ. ಕೊನೆಗೆ ಬಾಟಲಿಯ ಮೇಲೆ ಬಿಳಿ ಕಾಗದ ಅಂಟಿಸಿ, ಮಗಳು ಈ ನೆಪದಲ್ಲಾದರೂ ನಾಲ್ಕು ಅಕ್ಷರ ಕನ್ನಡ ಓದಲಿ ಎಂದು, ದುಂಡಗೆ ಬರೆದೆ: 'ಹುಳ, ಚಪ್ಪಟೆ, ಕಂದು. ಒಟ್ಟು ೨೬.'

ಊಟ ಚೆನ್ನಾಗಿ ನಡೆಯಿತು. ಉಡುಪಿ ಹೋಟೆಲು ನಡೆಸುವ ಶೆಟ್ಟರು ಹೊರಡುವಾಗ ಕಪಾಟಿನ ಮುಂದೆ ನಿಂತು, "ಎಂತ ಮಾರಾಯ್ರೆ ಇದು, ಹುಳಕ್ಕೂ ಉಪ್ಪಿನಕಾಯಿ ಹಾಕಿದ್ದೀರಾ?" ಎಂದರು. ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಅನಘಾ ಮಾತ್ರ ನಗಲಿಲ್ಲ. ಬಂದವರು ಗೇಟು ದಾಟುವವರೆಗೆ ಕಾದು, ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಪಪ್ಪಾ, ಒಳಗ ಚೀಟಿ ಇದ್ವಲ್ಲ, ಪೆನ್ಸಿಲ್‌ದು. ಅವು ಎಲ್ಲಿ?"

ನಾನು ಹೇಳಿದೆ. ಅವಳು ಕೂತುಬಿಟ್ಟಳು. ಅಳಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಚೀಟಿಗಳೇ ಲೇಬಲ್ಲುಗಳಂತೆ. ಹೊರಗೆ ಅಂಟಿಸಿದರೆ ಸ್ಪಿರಿಟ್ಟಿಗೆ ಕಿತ್ತುಹೋಗುತ್ತವೆಂದು ಪೆನ್ಸಿಲಿನಲ್ಲಿ ಬರೆದು ಒಳಗೇ ಹಾಕುವುದು ಅವರ ಪದ್ಧತಿ. ಯಾವ ಹುಳ ಎಲ್ಲಿಯದು, ಯಾವತ್ತಿನದು ಎಂಬುದಕ್ಕೆ ಅದೊಂದೇ ಸಾಕ್ಷಿ. ಸುಮಿತ್ರಾ ಕೈ ಒರೆಸಿಕೊಳ್ಳುತ್ತ ಬಂದಳು. "ಅಲ್ರೀ, ಎರಡು ತಿಂಗಳು ಮಳಿಯೊಳಗ ತೊಯಿಸ್ಕೊಂಡು ಊರೂರು ತಿರುಗಿ ತಂದಾಳ ಆಕಿ. ಒಂದ್ ಮಾತು ಕೇಳಿ ಮಾಡ್ಬೇಕೋ ಬ್ಯಾಡೋ?" ನಾನು ಎಲ್ಲವೂ ಒಂದೇ ಥರ ಇದ್ದವಲ್ಲ ಎಂದೆ. ಅನಘಾ ತಲೆ ಎತ್ತಿದಳು. "ಸೇಮ್ ಇಲ್ಲ, ಪಪ್ಪಾ." ಮಳೆ ಇನ್ನು ಎರಡು ವಾರ. ಮಳೆ ನಿಂತರೆ ಇವು ಮಣ್ಣಿಗಿಳಿಯುತ್ತವೆ, ಮುಂದಿನ ಮಳೆಗಾಲದವರೆಗೆ ಮುಖ ತೋರಿಸುವುದಿಲ್ಲ. ಪ್ರಬಂಧ ಒಪ್ಪಿಸಬೇಕಾದದ್ದು ಡಿಸೆಂಬರಿನಲ್ಲಿ. ಎಲ್ಲಿ ಸಿಕ್ಕಿದ್ದೆಂದು ಗೊತ್ತಿಲ್ಲದ ಹುಳಗಳಿಂದ ಊರಿನ ಪಟ್ಟಿ ಮಾಡಲಾಗುವುದಿಲ್ಲ. ಒಂದು ಕಾಫಿ ಬಾಟಲಿಯಲ್ಲಿ ನಾನು ಮಗಳ ಒಂದು ವರ್ಷವನ್ನು ತುಂಬಿ ಮುಚ್ಚಳ ಹಾಕಿದ್ದೆ.

ಅನಘಾ ಎದ್ದಳು. ವಿಭಾಗದಿಂದ ಕೇಳಿ ತಂದಿದ್ದ ಪುಟ್ಟ ಸೂಕ್ಷ್ಮದರ್ಶಕವನ್ನು ಊಟದ ಮೇಜಿನ ಮೇಲಿಟ್ಟು, ಹುಳಗಳನ್ನು ಬಟ್ಟಲಿಗೆ ಸುರಿದು, "ಬನ್ನಿ, ನೋಡಿ" ಎಂದು ನನ್ನನ್ನು ಕೂರಿಸಿದಳು. ನಾನು ಕಣ್ಣಿಟ್ಟೆ. ಅಂಗುಲದ ಹುಳ ಎದುರಿಗೆ ರೈಲಿನಷ್ಟು ಉದ್ದ ನಿಂತಿತ್ತು. ಮೈಯ ಒಂದೊಂದು ಉಂಗುರವೂ ಒಂದು ಡಬ್ಬಿ, ಒಟ್ಟು ಇಪ್ಪತ್ತು. ಪ್ರತಿ ಡಬ್ಬಿಗೂ ಎರಡೂ ಬದಿಗೆ ಪ್ಲಾಟ್‌ಫಾರ್ಮಿನ ಸೂರಿನ ಹಾಗೆ ಚಾಚಿದ ಅಂಚು. ಆ ಅಂಚಿನಿಂದಲೇ ಬೆನ್ನು ಚಪ್ಪಟೆ ಕಾಣುವುದು. ಮುಖದಲ್ಲಿ ಕಣ್ಣು ಹುಡುಕಿದೆ, ಇರಲಿಲ್ಲ. ಇವುಗಳ ಇಡೀ ಕುಲಕ್ಕೇ ಕಣ್ಣಿಲ್ಲವಂತೆ. ರೈಲು, ರಸ್ತೆ, ಮನುಷ್ಯ ಎಲ್ಲಕ್ಕಿಂತ ಕೋಟ್ಯಂತರ ವರ್ಷ ಮೊದಲು ನೆಲದ ಮೇಲೆ ನಡೆದವರ ವಂಶ, ಅಷ್ಟು ಕಾಲವೂ ತಡಕಾಡಿಕೊಂಡೇ ದಾರಿ ತಪ್ಪದೆ ಬಂದಿದೆ.

"ಈಗ ಏಳನೇ ಡಬ್ಬಿ" ಎಂದು ಅವಳು ಸೂಜಿಯಿಂದ ಹುಳವನ್ನು ಮಗುಚಿದಳು. ಕಾಲುಗಳ ಸಾಲಿನಲ್ಲಿ ಒಂದು ಕಡೆ ಕಾಲಿರಲಿಲ್ಲ. ಕಾಲಿರಬೇಕಾದ ಜಾಗದಲ್ಲಿ ಸಾಸಿವೆ ಕಾಳಿಗಿಂತ ಸಣ್ಣದಾದ, ಜೇನುಬಣ್ಣದ ಒಂದು ಜೋಡಿ ಕೆತ್ತನೆ. ಒಂದು ಕೊಕ್ಕೆ, ಅದರ ಬೆನ್ನಿಗೆ ಒಂದು ಮುಳ್ಳು, ತುದಿಯಲ್ಲಿ ಕೂದಲಿಗಿಂತ ಸಪೂರವಾದ ಒಂದು ಸುರುಳಿ. ಸ್ಟಾಕಿನಲ್ಲಿ ಕಮ್ಮಿ ಬಿದ್ದ ಜೋಡಿ ಕಾಲು ಇಲ್ಲಿತ್ತು. ಗಂಡು ಬೆಳೆಯುತ್ತ ಆ ಎರಡು ಕಾಲುಗಳು ನಡೆಯುವುದನ್ನು ಬಿಟ್ಟು ಬೀಜ ದಾಟಿಸುವ ಸಾಧನವಾಗುತ್ತವೆ. ಹೊರಗೆ ಎಲ್ಲ ಒಂದೇ ಕಂಡರೂ ಒಂದೊಂದು ಜಾತಿಗೆ ಇದರ ಕೆತ್ತನೆ ಬೇರೆ ಬೇರೆ. ಪಂಡಿತರು ಇವುಗಳ ಕುಲಗೋತ್ರ ಹೇಳುವುದು ಇದನ್ನು ನೋಡಿಯೇ. ಅವಳು ಇನ್ನೊಂದು ಹುಳ ಇಟ್ಟಳು. ಅದೇ ಬಣ್ಣ, ಅದೇ ಉದ್ದ. ಏಳನೇ ಡಬ್ಬಿಯಲ್ಲಿ ಮಾತ್ರ ಕೊಕ್ಕೆಯ ಬದಲು ಕುಡುಗೋಲಿನಂಥ ಬಾಗು. ಇಪ್ಪತ್ತೆಂಟು ವರ್ಷದಲ್ಲಿ ಯಾವ ಕಾರ್ಖಾನೆಯೂ ಅಂಥ ನಾಜೂಕಿನ ಬಿಡಿಭಾಗ ನಮ್ಮ ಡಿಪೋಗೆ ಕಳಿಸಿಲ್ಲ.

ಈ ಚಪ್ಪಟೆ ಬೆನ್ನಿನವರಲ್ಲಿ ಹೆಸರಿಟ್ಟವೇ ಮೂರು ಸಾವಿರಕ್ಕೂ ಹೆಚ್ಚು ಜಾತಿ ಎಂದಳು ಅನಘಾ, ಹೆಸರಿಡದೆ ಮಣ್ಣಿನಲ್ಲಿರುವವು ಎಷ್ಟೋ. ಸಹಸ್ರಪದಿಗಳಲ್ಲಿ ಇದಕ್ಕಿಂತ ದೊಡ್ಡ ಗಣವಿಲ್ಲ. ಅದರಲ್ಲಿ ಕೆಲವು ದೊಡ್ಡ ಶಾಖೆ, ಶಾಖೆಗಳಲ್ಲಿ ಹತ್ತಾರು ಕುಟುಂಬ. ಯಾವ ಕುಟುಂಬ ಯಾವ ಶಾಖೆಗೆ ಸೇರಬೇಕೆಂಬುದರಲ್ಲಿ ಪಂಡಿತರಿಗೇ ಜಗಳ ಮುಗಿದಿಲ್ಲ. ನಮ್ಮ ಮಠಗಳೂ ಹಾಗೇ ಎಂದು ನನಗೆ ಸಮಾಧಾನವಾಯಿತು. ಥಾಯ್ಲೆಂಡಿನಲ್ಲಿ ಮೈತುಂಬ ಮುಳ್ಳಿರುವ, ನವರಾತ್ರಿಯಲ್ಲಿ ಹೆಂಗಸರು ತೊಡುವ ಚನಿಯಾ ಚೋಳಿಯಂಥ ಕಡು ಗುಲಾಬಿ ರಾಣಿ ಬಣ್ಣದ ಒಂದು ಜಾತಿ. ಅಮೆರಿಕದ ಒಂದು ಬೆಟ್ಟಸಾಲಿನಲ್ಲಿ ಕತ್ತಲಲ್ಲಿ ತಾನಾಗಿ ಬೆಳಗುವ ಕೆಲವು. ಅಕ್ಕಿಕಾಳಿಗಿಂತ ಚಿಕ್ಕವೂ ಇವೆ, ಅಂಗೈ ಮೀರಿ ಚಾಚುವವೂ ಇವೆ. ಪೂರ್ವದ ಯಾವುದೋ ದೇಶದ ಒಂದು ಹುಳವಂತೂ ಹೂಕುಂಡದ ಮಣ್ಣಿನಲ್ಲಿ ಕೂತು, ಟಿಕೆಟ್ಟಿಲ್ಲದೆ, ಭೂಮಿಯ ಅರ್ಧ ಊರುಗಳಿಗೆ ವರ್ಗವಾಗಿ ಹೋಗಿದೆ. ಇಷ್ಟೆಲ್ಲವನ್ನೂ ನಾನು 'ಹುಳ, ಚಪ್ಪಟೆ, ಕಂದು' ಎಂದು ಬರೆದಿದ್ದೆ.

ಸಂಜೆಯ ಹೊತ್ತಿಗೆ ಲೆಕ್ಕ ಸಿಕ್ಕಿತು. ಗಂಡು ಒಂಬತ್ತು. ಉಳಿದವು ಹೆಣ್ಣು ಮತ್ತು ಮರಿ, ಅವುಗಳ ಜಾತಿ ಹೇಳುವುದು ಅವಳಿಗೂ ಆಗದು. ಒಂಬತ್ತರಲ್ಲಿ ಐದು ಒಂದು ಬಗೆ, ಮೂರು ಇನ್ನೊಂದು ಬಗೆ. ಕೊನೆಯ ಒಂದನ್ನು ಇಟ್ಟು ನೋಡಿದಳು. ಪುಸ್ತಕ ತೆಗೆದಳು, ಚಿತ್ರ ನೋಡಿದಳು, ಮತ್ತೆ ಕಣ್ಣಿಟ್ಟಳು. ಅದರ ಏಳನೇ ಡಬ್ಬಿಯ ಕೆತ್ತನೆ ಅವಳ ಹತ್ತಿರವಿದ್ದ ಯಾವ ಚಿತ್ರಕ್ಕೂ ಹೊಂದಲಿಲ್ಲ. "ಇದು ಯಾವುದು ಗೊತ್ತಿಲ್ಲ" ಎಂದಳು. ಒಂದು ಕ್ಷಣ ಅವಳ ಮುಖ ಬೆಳಗಿತು, ಮರುಕ್ಷಣ ಬಾಡಿತು. ಅದು ಎಲ್ಲಿಯದು ಎಂಬುದೂ ಗೊತ್ತಿರಲಿಲ್ಲ. ಅಹಮದಾಬಾದಿನ ಮಣಿನಗರ ಅಥವಾ ನರೋಡಾ, ಸೂರತ್ತು, ನಮ್ಮದೇ ಗೋರ್ವಾ, ಎಲ್ಲಿಯದಾದರೂ ಇರಬಹುದು. ಉತ್ತರ ಕಸದ ಗಾಡಿಯಲ್ಲಿ ಹೋಗಿತ್ತು.

ಮರುದಿನವೇ ರಜೆ ಬರೆದುಕೊಟ್ಟೆ. ಹತ್ತು ದಿನ ಅಪ್ಪ ಮಗಳು ಕೊಡೆ, ಚಮಚ, ಸೀಸೆ ಹಿಡಿದು ತಿರುಗಿದೆವು. ಬೆಳಗಿನ ರೈಲಿಗೆ ಸೂರತ್ತಿಗೆ ಹೋಗಿ ಅವಳ ಗೆಳತಿಯ ಮನೆಯ ಹಿತ್ತಲು ಕೆದಕಿದೆವು. ಮಣಿನಗರದಲ್ಲಿ ನಮ್ಮ ಹಳೆಯ ಮನೆಯ ಚರಂಡಿಗೆ ಬಗ್ಗಿದ್ದಾಗ, ಪರಿಚಯದ ದೂಧ್‌ವಾಲಾ ನನ್ನನ್ನು ಗುರುತಿಸಿಯೂ ಗುರುತಿಸದವನಂತೆ ಹೋದ. ನರೋಡಾದ ಒಂದು ಕಾರ್ಖಾನೆಯ ತೋಟದಲ್ಲಿ ಎಲೆಗೊಬ್ಬರ ಸರಿಸುತ್ತಿದ್ದೆವು. ಕಾವಲುಗಾರ ಬಹಳ ಹೊತ್ತು ನೋಡಿ, ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಕೀಡಾ, ಅಂದರೆ ಹುಳ, ಎಂದೆ. ಸಿಕ್ಕಿತೇ ಎಂದ. ಸಿಕ್ಕಿತು, ಆದರೆ ಇದಲ್ಲ ಎಂದೆ. "ಕೀಡಾ ತೋ ಕೀಡಾ ಹೈ, ಸಾಹಬ್" ಎಂದು ಅವನು ಕನಿಕರದಿಂದ ಹೇಳಿದ. ನನ್ನದೇ ಮಾತು ಇನ್ನೊಬ್ಬನ ಬಾಯಲ್ಲಿ ಕೇಳಿ, ಕೆಸರಿನಲ್ಲಿ ಕೂತಲ್ಲೇ ನಾಚಿಕೆಯಾಯಿತು. ಐದಿದ್ದ ಬಗೆ ಎಲ್ಲ ಊರಲ್ಲೂ ಸಿಕ್ಕಿತು, ಮೂರಿದ್ದ ಬಗೆ ನರೋಡಾದ ಹೂಕುಂಡಗಳಲ್ಲಿ. ಹೊಸ ಸೀಸೆ, ಹೊಸ ಚೀಟಿ, ಅವಳ ಪಟ್ಟಿ ಮತ್ತೆ ತುಂಬುತ್ತ ಬಂತು. ಆ ಒಂಟಿ ಗಂಡಿನ ಬಗೆಯದು ಮಾತ್ರ ಎಲ್ಲೂ ಇಲ್ಲ. ಮಳೆ ತೆಳುವಾಗುತ್ತಿತ್ತು.

ಹನ್ನೊಂದನೇ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದವನು ಎಂದಿನಂತೆ ಹಿಡಿಕಸಬರಿಗೆ ಎತ್ತಿದೆ. ಗೋಡೆಯ ಬುಡದಲ್ಲಿ ನಾಲ್ಕು ಹುಳ ಸಾಗಿದ್ದವು. ಹತ್ತು ದಿನದ ಹಿಂದಿನ ನಾನಾಗಿದ್ದರೆ ನಾಲ್ಕು ಒಂದೇ ಥರದವು ಕಾಣುತ್ತಿದ್ದವು. ಈಗ ಮೂರು ಒಂದು ಥರ, ಕೊನೆಯದರ ಬದಿಯ ಅಂಚು ಒಂದು ಎಳೆಯಷ್ಟು ಮೇಲೆ ಬಾಗಿದೆ ಎಂದು ಕಣ್ಣು ಹೇಳಿತು. ಟವಲು ಸುತ್ತಿಕೊಂಡು ನೆಲಕ್ಕೆ ಕೂತು, ಕಳಚಿಟ್ಟ ಅಂಗಿಯ ಜೇಬಿನಲ್ಲಿದ್ದ ಮಗಳ ಭೂತಗನ್ನಡಿ ತೆಗೆದು, ಮಗುಚಿ ನೋಡಿದೆ. ಏಳನೇ ಡಬ್ಬಿಯಲ್ಲಿ ಒಂದು ಜೋಡಿ ಕಾಲಿರಲಿಲ್ಲ, ಗಂಡೇ. ಹೊರಗಿನಿಂದ ಸುಮಿತ್ರಾ ಬಾಗಿಲು ತಟ್ಟಿದಳು. "ಒಂದ್ ತಾಸಾತು, ಒಳಗ ಏನ್ ಮಾಡ್ಲಿಕತ್ತೀರಿ?" ನಾನು ಮಗಳನ್ನು ಕೂಗಿದೆ. ಅಂಗೈಯಲ್ಲಿ ಅದು ಮುದುಡಿಕೊಂಡು ಬಾದಾಮಿಯ ವಾಸನೆ ಬಿಡುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಜೀವವೊಂದು ನಮ್ಮ ಬಚ್ಚಲಿನಲ್ಲಿ ನಮಗಿಂತ ಮೊದಲಿನಿಂದ ಬಿಡಾರ ಮಾಡಿತ್ತು, ನಾನು ಏಳು ವರ್ಷ ಅದನ್ನು ಗುಡಿಸಿ ಹೊರಗೆ ಚೆಲ್ಲಿದ್ದೆ.

ಸೂಕ್ಷ್ಮದರ್ಶಕದಲ್ಲಿ ಹತ್ತು ನಿಮಿಷ ನೋಡಿ ಅನಘಾ "ಅದೇ, ಪಪ್ಪಾ" ಎಂದಳು, ಆವತ್ತು ಅಳದವಳು ಈಗ ಅತ್ತಳು. ಅಳುತ್ತಲೇ ಪೆನ್ಸಿಲ್ಲಿನಲ್ಲಿ ಚೀಟಿ ಬರೆದಳು: ಊರು, ದಿನಾಂಕ, ಬಚ್ಚಲುಮನೆ, ಸಂಗ್ರಹಿಸಿದವರು ಎಂಬಲ್ಲಿ ನನ್ನ ಹೆಸರು. ಉಗುರಿನಗಲದ ಆ ಕಾಗದ ನನಗೆ ಸಿಕ್ಕ ಯಾವ ಬಡ್ತಿಯ ಆದೇಶಕ್ಕಿಂತಲೂ ದೊಡ್ಡದಾಗಿ ಕಂಡಿತು. ಪ್ರಬಂಧ ಹೊತ್ತಿಗೆ ಸರಿಯಾಗಿ ಸಲ್ಲಿಕೆಯಾಯಿತು. ಆ ಗಂಡು ಯಾವ ಜಾತಿಯೆಂದು ಕೇಳಿ ಅವಳ ಗುರುಗಳು ಬಲ್ಲವರೊಬ್ಬರಿಗೆ ಕಳಿಸಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ನಾನು ಬಚ್ಚಲಿಗೆ ಹೋಗುವಾಗ ಕೆಮ್ಮಿ ಹೋಗುತ್ತೇನೆ.

ಹುಳಗಳ ಜೊತೆ ವಿಭಾಗಕ್ಕೆ ಹೋದ ಕಾಫಿ ಬಾಟಲಿ ಮಾತ್ರ ಮನೆಗೆ ವಾಪಸು ಬರಲಿಲ್ಲ. ಒಳಗಿನ ಚೀಟಿ ತೆಗೆದರೆ ಏನಾಗುತ್ತದೆ ಎಂದು ಹೊಸದಾಗಿ ಸೇರಿದವರಿಗೆ ತೋರಿಸಲು ಅವಳ ಗುರುಗಳು ಅದನ್ನು ವಿಭಾಗದಲ್ಲೇ ಇಟ್ಟುಕೊಂಡಿದ್ದಾರೆ. ಹೋದ ತಿಂಗಳು ಮಗಳ ಜೊತೆ ಹೋದಾಗ ನೋಡಿದೆ. ಗಾಜಿನ ಕಪಾಟು, ಮಧ್ಯದಲ್ಲಿ ನನ್ನ ದುಂಡಗಿನ ಅಕ್ಷರ. ಪಕ್ಕದಲ್ಲಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ನಾನು ಯಾರೆಂದು ತಿಳಿದಿರಲಿಲ್ಲ. ಅದು ಏನು ಎಂದು ಕೇಳಿದೆ. ಹುಡುಗಿ ಆ ಕನ್ನಡ ಅಕ್ಷರದ ಕಡೆ ಬೆರಳು ತೋರಿಸಿ ವಿನಯದಿಂದ ಉತ್ತರಿಸಿದಳು: "ಆ ತೋ ಮದ್ರಾಸಿ ಬಾಟಲ್ ಛೇ, ಅಂಕಲ್. ಸಬ್ ಮಿಕ್ಸ್, ಕೋನ್ ಕಹಾಂ ಕಾ ಹೈ, ಕಿಸೀ ಕೋ ನಹೀ ಪತಾ." ಇದು ಮದ್ರಾಸಿ ಬಾಟಲಿ, ಎಲ್ಲ ಬೆರೆತಿವೆ, ಯಾರು ಎಲ್ಲಿಯವರೆಂದು ಯಾರಿಗೂ ಗೊತ್ತಿಲ್ಲ ಎಂದು ಅರ್ಥ. ಗುಜರಾತಿನ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ನಾನು 'ಮದ್ರಾಸಿ' ಎಂಬ ಪದವನ್ನು ತಿದ್ದಲಿಲ್ಲ. ಆ ಬಾಟಲಿಯೊಳಗೆ ಯಾರು ಎಲ್ಲಿಯವರು ಎಂದು ಅವಳು ತಿರುಗಿ ಕೇಳಿದ್ದರೆ ಹೇಳಲು ನನಗೂ ಬರುತ್ತಿರಲಿಲ್ಲ.